ಸಾಲಿನ ಕೊನೆಯವಳು

ಓಸ್ಲೋದ ಒಂದು ನೆಲಮಾಳಿಗೆ. ಫೆಬ್ರುವರಿ.
ಹೊರಗೆ ಟ್ರಾಮಿನ ತಂತಿಗೂ ಹಿಮ ಹಿಡಿದಿದೆ.
ಉಣ್ಣೆಯ ಟೊಪ್ಪಿ ತೆಗೆಯದೆಯೇ ಓಸ್ನೆ
ಜೀರಿಗೆಗಿಂತ ತುಸು ದಪ್ಪದ ಹರಳೊಂದನ್ನು
ಚಿಮುಟದಲ್ಲೆತ್ತಿ ತಾಮ್ರದ ಎರಡು ತುಟಿಗಳ ನಡುವೆ ಇಟ್ಟಳು.
ಒಂದು ತುದಿಗೆ ಬಿಸಿ. ಇನ್ನೊಂದು ತುದಿ ಕಾಯಬೇಕು.
(ನನ್ನ ನುಡಿಯಲ್ಲಿ ಬಿಸಿಯಾಗುವುದಕ್ಕೂ
ದಾರಿ ನೋಡುವುದಕ್ಕೂ ಒಂದೇ ಮಾತು.
ಅವಳ ನುಡಿಯಲ್ಲಿ ಎರಡು.)

ಹರಳಿನೊಳಗೆ ಯಾರೂ ಎಲ್ಲಿಗೂ ಹೊರಡುವುದಿಲ್ಲ.
ಕೋಬಾಲ್ಟ್ ತನ್ನ ಜಾಗದಲ್ಲಿ, ಆಂಟಿಮನಿ ತನ್ನ ಜಾಗದಲ್ಲಿ
ನಿಂತಲ್ಲೇ ನಡುಗಿ, ಪಕ್ಕದ್ದಕ್ಕೆ ನಡುಕ ದಾಟಿಸಿ
ನಿಂತಲ್ಲೇ ಉಳಿಯುತ್ತವೆ.
ಊರು ಬಿಟ್ಟು ಹೋಗುವುದು ನಡುಕ ಮಾತ್ರ.
ವಜ್ರದಲ್ಲಾದರೆ ಅದು ಎಡವುವುದೇ ಅಪರೂಪ,
ತುಟಿಗೆ ತಾಗಿಸಿ ನೋಡಿ, ತಣ್ಣಗಿರುತ್ತದೆ:
ನಿಮ್ಮ ಶಾಖ ಆಗಲೇ ಆಚೆ ದಡದಲ್ಲಿ.

ಇದು ವಜ್ರವಲ್ಲ. ಇಲ್ಲಿ ಆಂಟಿಮನಿ ಪಂಜರ ಕಟ್ಟಿದೆ,
ಪ್ರತಿ ಪಂಜರದಲ್ಲೂ ಒಂಟಿ ಯಿಟರ್ಬಿಯಂ,
ಭಾರದ್ದು, ಗೋಡೆಗೆ ಅಂಟದ್ದು, ಸುಮ್ಮನೆ ಕೂರದ್ದು.
ಗಿಲಕಿ ಅನ್ನುತ್ತಾರೆ ಪ್ರಯೋಗಾಲಯದವರು.
ಬಂದ ಅಲೆಯನ್ನು ಗಿಲಕಿ ಹಿಡಿದು
ತನ್ನಷ್ಟಕ್ಕೆ ತಾನು ಕುಲುಕಿ
ಯಾವ ಕಡೆಗೋ ಬಿಟ್ಟುಬಿಡುತ್ತದೆ.

ಈ ಜಾತಿಯ ಹರಳಿಗೆ ಹೆಸರು ಕೊಟ್ಟ ಗುಡ್ಡ
ಓಸ್ನೆಯ ತವರಿನ ಹತ್ತಿರವೇ ಇದೆ, ಮೋಡುಮ್‌ನಲ್ಲಿ.
ಅವಳ ಅಜ್ಜಿಯ ಅಜ್ಜಿ ಟೋರ್‌ಬೋರ್ಗ್ ಅಲ್ಲಿ
ನೀಲಿ ಬಣ್ಣದ ಅದಿರು ಆರಿಸುತ್ತಿದ್ದಳಂತೆ.
ಉದ್ದದ ಬೆಂಚು, ಹನ್ನೊಂದು ಜನ, ಒಂದೇ ಒಲೆ, ಅದೂ ಬಾಗಿಲ ಬಳಿ.
ಒಲೆಯಲ್ಲಿ ಕಾಯಿಸಿದ ಬಳಪದ ಕಲ್ಲೊಂದು
ಕೈಯಿಂದ ಕೈಗೆ ಸಾಲಿನುದ್ದ ಬರುವುದು.
ಯಾರೂ ಏಳುವಂತಿಲ್ಲ, ಎದ್ದರೆ ಕೂಲಿ ಮುರಿಯುವರು.

ಆರನೆಯವನು ಆಮುಂದ್. ಒಂಬತ್ತು ವರ್ಷ.
ಅಣ್ಣನ ಅಂಗಿಯೊಳಗೆ ಇನ್ನೊಬ್ಬ ಆಮುಂದ್ ಹಿಡಿಸುವಷ್ಟು ಜಾಗ.
ಕಲ್ಲು ಬಂದರೆ ಎದೆಗೊತ್ತಿಕೊಳ್ಳುವನು, ಮೇಲಕ್ಕೆಸೆದು ಹಿಡಿಯುವನು,
ಒಮ್ಮೊಮ್ಮೆ ಬಂದ ದಾರಿಗೇ ವಾಪಸು ಕಳಿಸಿ ನಗುವನು.
ಬೈದರು, ಕಿವಿ ಹಿಂಡಿದರು, ಜಾಗ ಬದಲಿಸಲಿಲ್ಲ ಯಾಕೋ.
ಹನ್ನೊಂದನೆಯವಳು ಟೋರ್‌ಬೋರ್ಗ್.
ಅವಳಿಗೆ ಬರುವ ಹೊತ್ತಿಗೆ ಅದು ಕಲ್ಲು, ಬರೀ ಕಲ್ಲು.

ಇಷ್ಟನ್ನು ಓಸ್ನೆ ವರ್ಷವರ್ಷ ಮೊದಲ ಪಾಠದಲ್ಲಿ ಹೇಳುತ್ತಾಳೆ,
ವಿದ್ಯಾರ್ಥಿಗಳು ಆಮುಂದನ ಹೆಸರಿಗೆ ನಗುತ್ತಾರೆ.
ಮುಂದಿನದನ್ನು ಅವಳು ಹೇಳಿದ್ದಿಲ್ಲ,
ಪಾಠಕ್ಕೆ ಅದು ಒದಗಿರಲಿಲ್ಲ.

ಇವತ್ತು ಪರದೆಯ ಮೇಲೆ ಗೆರೆ ಇಳಿಯುತ್ತ ಬಂತು,
ಬಿಸಿ ಏರಿಸಿದಷ್ಟೂ ಇಳಿಯಬೇಕಾದ್ದು,
ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸಾಯಬೇಕಾದ್ದು,
ಆರುನೂರು ಕೆಲ್ವಿನ್ ದಾಟಿದ ಮೇಲೆ
ಇಳಿಯುವುದನ್ನೇ ಬಿಟ್ಟು ಚಪ್ಪಟೆಯಾಯಿತು.
"ಸೋರಿಕೆ," ಎಂದ ಸೀವರ್ತ್, "ಅಂಚಿನಿಂದ ಶಾಖ ಸೋರುತ್ತಿದೆ."
ಇರಬಹುದು. ಕವಚ ಬದಲಿಸಿದರು. ಮತ್ತೆ ಅಳೆದರು.
ಮತ್ತೆ ಚಪ್ಪಟೆ.

ಕೇಳಿದ್ದರಂತೆ ಟೋರ್‌ಬೋರ್ಗಳನ್ನು, ಮುಪ್ಪಿನಲ್ಲಿ:
ಅಷ್ಟು ಚಳಿಗಾಲ ಹೇಗೆ ಬದುಕಿದೆ, ಕಲ್ಲೇ ಮುಟ್ಟದ ಜಾಗದಲ್ಲಿ?
ಅವಳು ಎಡದ ಭುಜ ತಟ್ಟಿ ತೋರಿಸಿದಳಂತೆ.
ಮಾರೆನ್ ಕೂರುತ್ತಿದ್ದ ಕಡೆ.
ಬೆಂಚು ಇಕ್ಕಟ್ಟು, ಮೈಗೆ ಮೈ ತಾಗಿಯೇ ಇರುತ್ತಿತ್ತು,
ಯಾರೂ ಯಾರಿಗೂ ಏನನ್ನೂ ಕೊಟ್ಟದ್ದಲ್ಲ.

ಹರಳಿನಲ್ಲಿ ಕಂಪನದ ಬಗೆಗಳು ನೂರಾರು,
ಪಕ್ಕಪಕ್ಕದ ಶ್ರುತಿಗಳು ಒಂದರ ಅಂಚಿನ ಮೇಲೊಂದು ಕೂತಾಗ
ಅಲೆ ಸತ್ತಲ್ಲೂ ಶಾಖ
ಒಂದರಿಂದ ಇನ್ನೊಂದಕ್ಕೆ ಇಂಗುವುದಂತೆ.
ಲೆಕ್ಕ ಹಾಗೆನ್ನುತ್ತದೆ. ಈ ಹರಳಿನ ಮಾತು ಬೇರೆ,
ಇದು ಇನ್ನೂ ಬರೀ ಸೋರಿಕೆಯೇ ಇರಬಹುದು.

"ಇನ್ನೊಂದು ತುಂಡು ಕೊಯ್ಯೋಣ," ಎಂದಳು ಓಸ್ನೆ, "ತೆಳ್ಳಗಿನದು."
ಸೀವರ್ತ್ ಕುರ್ಚಿ ಎಳೆದು ಪರದೆಯ ಮುಂದೆ ಅವಳ ಪಕ್ಕ ಕೂತ.
ರಾತ್ರಿ ಹನ್ನೊಂದು. ಫ್ಲಾಸ್ಕಿನ ಕಾಫಿ ಆರಿತ್ತು.
ಎಷ್ಟೋ ಹೊತ್ತಿನ ಮೇಲೆ
ಅವಳು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟಳು.